ನಾನು ಹಿಡಿದು ನಿಂತ ತಾಂಬೂಲದ ತಟ್ಟೆ

ಕೊಡೈಕಾನಲ್ ಬೆಟ್ಟದ ಬುಡದ ಬತ್ತಲಗುಂಡಿನ ಪೇಟೆಯಲ್ಲಿ ನಾನು ಕೆಲಸ ಮಾಡುವ ಸ್ಕ್ಯಾನ್ ಸೆಂಟರಿನ ಹಿಂದೆ ವೀಳ್ಯದೆಲೆಯ ಮಂಡಿ ಇದೆ. ಬೆಳಿಗ್ಗೆ ಎಲೆಯ ಕಟ್ಟುಗಳನ್ನು ಇಳಿಸಿ, ಬಾಡದಿರಲೆಂದು ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸುತ್ತಾರೆ. ನಾನು ಕೂರುವ ಕೋಣೆಗೆ ಕಿಟಕಿಯೇ ಇಲ್ಲ. ಆದರೂ ಆ ಹಸಿ ಖಾರದ ವಾಸನೆ ಹೇಗೋ ದಾರಿ ಹುಡುಕಿಕೊಂಡು ಒಳಗೆ ಬರುತ್ತದೆ. ಮೊನ್ನೆ ಆ ವಾಸನೆ ಬಂದಾಗ ನಾನು ಪರದೆಯ ಮೇಲೆ ಒಬ್ಬ ಲಾರಿ ಡ್ರೈವರನ ತೊಡೆಮೂಳೆ ನೋಡುತ್ತಿದ್ದೆ. ಮುರಿದ ಮೂಳೆಯೊಳಗೆ ಕೂರಿಸಿದ ರಾಡು ನೂಲು ಹಿಡಿದಂತೆ ನೇರವಾಗಿತ್ತು. ಯಾರು ಕೂರಿಸಿದ್ದೆಂದು ಚೀಟಿ ನೋಡುವ ಅಗತ್ಯ ಬೀಳಲಿಲ್ಲ. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಆ ವಾಸನೆ, ಈ ಉರಿ, ಎರಡೂ ಸೇರಿದರೆ ನನಗೆ ನೆನಪಾಗುವುದು ಒಬ್ಬರೇ... ಚೀಫ್.

ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಯೂನಿಟ್ಟಿನ ಮುಖ್ಯಸ್ಥರನ್ನು ಚೀಫ್ ಎನ್ನುವುದು ರೂಢಿ. ನಾನು ಹೇಳುತ್ತಿರುವ ಚೀಫ್ ಮೂಳೆ ವಿಭಾಗದವರು, ಹೆಂಗಸು. ಅವರು ತೀರಿಕೊಂಡ ಮೇಲೆ ನಾವು ಓದಿದ ಮೆಡಿಕಲ್ ಕಾಲೇಜಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮೈಕಿನ ಮುಂದೆ ನಿಂತವರೆಲ್ಲ ಹೇಳಿದ್ದು ಒಂದೇ ಕಥೆ. ಮೂಳೆ ಡಾಕ್ಟರಾಗಲು ಸೇರಿದ ಬೆಟ್ಟದ ಹುಡುಗಿಯೊಬ್ಬಳು ಕಷ್ಟ ತಾಳದೆ ಊರಿಗೆ ಓಡಿಹೋದಳು. ಚೀಫ್ ಬೆಟ್ಟ ಹತ್ತಿ, ಅವಳ ತಾಯಿಯ ಮುಂದೆ ಕಣ್ಣೀರಿಟ್ಟು, ಹುಡುಗಿಯ ಕೈಹಿಡಿದು ಇಳಿಸಿಕೊಂಡು ಬಂದರು. ಸಭೆಯ ತುಂಬ ಮೂಗೊರೆಸಿಕೊಳ್ಳುವ ಸದ್ದು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಓಡಿಹೋದಳು ಎನ್ನುವುದು ಸುಳ್ಳು. ಕಣ್ಣೀರು ಸುಳ್ಳು. ಇಳಿಸಿಕೊಂಡು ಬಂದರು ಎನ್ನುವುದಂತೂ ಎಲ್ಲಕ್ಕಿಂತ ದೊಡ್ಡ ಸುಳ್ಳು. ಬೆಟ್ಟ ಹತ್ತಿದ್ದು ಮಾತ್ರ ನಿಜ, ಅದೂ ಒಂದಲ್ಲ, ಎರಡು ಸಲ. ಎರಡು ಸಲವೂ ನಾನು ಪಕ್ಕದಲ್ಲಿದ್ದೆ. ಸಭೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ, ಅದು ಬೇರೆ ವಿಷಯ.

ಚೀಫ್ ಈ ವಿಭಾಗಕ್ಕೆ ಸೇರಿದ ಕಾಲದಲ್ಲಿ ಅಲ್ಲಿ ಬೇರೆ ಹೆಂಗಸರೇ ಇರಲಿಲ್ಲವಂತೆ. ನಾವು ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್‌ಗಳಾಗಿ ಹೋದಾಗಲೂ ಅಲ್ಲಿನ ಗಾಳಿ ಬದಲಾಗಿರಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಮೇಲೆ 'ಡಾಕ್ಟರ್‌ಗಳು' ಎಂದು ಬರೆದಿತ್ತು, ಒಳಗಿರುತ್ತಿದ್ದವರು ಗಂಡಸರು. ಹೆಣ್ಣು ಡಾಕ್ಟರಾದರೆ ನರ್ಸ್‌ಗಳ ಕೋಣೆಗೆ ಹೋಗಬೇಕು. ಚೀಫ್ ಕೂಡ ಅಷ್ಟು ವರ್ಷವೂ ಅಲ್ಲೇ ಬದಲಿಸಿದ್ದರು. ಒಂದು ದಿನ ಅಸಿಸ್ಟೆಂಟ್ ಒಬ್ಬರು, ಜಾರಿದ ಸೊಂಟದ ಕೀಲನ್ನು ಎಳೆದು ಕೂರಿಸುತ್ತಾ, "ಈ ಕೆಲಸಕ್ಕೆ ಹೆಂಗಸರಲ್ಲಿ ಶಕ್ತಿ ಎಲ್ಲಿದೆ, ಮೇಡಂ?" ಎಂದು ನಕ್ಕರು. ಚೀಫ್ ಕೈಗವಸು ಹಾಕಿಕೊಳ್ಳುತ್ತಲೇ, "ನಿನ್ನನ್ನ ಹೆತ್ತು ಹೊರಗೆ ತಳ್ಳಿದ್ದು ಯಾರ ಶಕ್ತಿಯಪ್ಪ? ನಿಮ್ಮಪ್ಪಂದಾ?" ಎಂದರು. ಅವತ್ತೇ ನಾನು ಅವರ ಅಭಿಮಾನಿಯಾದೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ತಂದವಳು. ಒಂದೇ ವಾಕ್ಯದಲ್ಲಿ ಎದುರಾಳಿಯನ್ನು ಕೂರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರಾಣ.

ಅವರಿಗೆ ಒಂದು ಹಠ ಇತ್ತು. ಪ್ರತಿ ಬ್ಯಾಚು ಬಂದಾಗಲೂ, ತಾವಾಗಿ ಮೂಳೆಯ ಕಡೆ ತಲೆಹಾಕದವರನ್ನು ಹುಡುಕುತ್ತಿದ್ದರು: ಹುಡುಗಿಯರು, ಊರಾಚೆಯ ದಲಿತ ಕಾಲೊನಿಗಳಿಂದ ಬಂದವರು, ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಆಪರೇಷನ್ ದಿನಗಳಲ್ಲಿ ಅವರನ್ನು ಕರೆದು ಕೈಗೆ ಕೆಲಸ ಕೊಡುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಅವರ ಕಣ್ಣಿಗೆ ಬಿದ್ದವರು ಇಬ್ಬರು. ಒಬ್ಬಳು ಕೊಡೈಕಾನಲ್ ಬೆಟ್ಟದ ಕೆಳ ಇಳಿಜಾರಿನ ಆದಿವಾಸಿ ಊರಿನವಳು, ಆ ಊರಿನ ಮೊದಲ ಡಾಕ್ಟರು. ಎಲ್ಲರೂ ಅವಳನ್ನು ಬೆಟ್ಟದ ಹುಡುಗಿ ಎನ್ನುತ್ತಿದ್ದರು. ನನಗೆ ಅವಳು ಜೊತೆಗಾತಿ, ಹಾಗೇ ಕರೆಯುತ್ತೇನೆ. ಇನ್ನೊಬ್ಬಳು ನಾನು.

ಅಂಥವರೇ ಬೇಕೆಂದರೆ ನನಗೂ ಅರ್ಹತೆ ಇತ್ತಲ್ಲ? ಹೆಣ್ಣು. ಓಡೈಪಟ್ಟಿಯ ದ್ರಾಕ್ಷಿ ತೋಟದ ಮನೆ. ಮನೆಯೊಳಗೆ ಆಡುವುದು ಕನ್ನಡ. ಎಷ್ಟೋ ತಲೆಮಾರಿನಿಂದ ತಮಿಳರ ನಡುವೆ ಇಲ್ಲಿದ್ದೂ ಇಲ್ಲಿಯದಾಗದ, ಕನ್ನಡ ನಾಡಿಗೆ ಹೋದರೆ ಅಲ್ಲಿಯವರು ನಗುವ ಕನ್ನಡ. ಎದುರು ಪಕ್ಷದಿಂದಲೂ ವಾದಿಸಬಲ್ಲೆ: ಅಪ್ಪನಿಗೆ ಸ್ವಂತ ದ್ರಾಕ್ಷಿ ಚಪ್ಪರವಿತ್ತು, ಚಿಕ್ಕಪ್ಪನ ಮಗ ಮಧುರೆಯಲ್ಲಿ ಡಾಕ್ಟರು, ನನಗೆ ಮುಚ್ಚಿದ ಬಾಗಿಲು ಅಂತ ಒಂದೂ ಇರಲಿಲ್ಲ. ಎಲ್ಲ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಕಮ್ಮಿಯಾಗುತ್ತದೆಯೆ?

ಯೂನಿಟ್ಟಿಗೆ ಹೋದ ಹೊಸದರಲ್ಲೇ, ವಾರ್ಡಿನ ಮೂಲೆಯಲ್ಲಿ ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಚೀಫ್ ಕಿವಿಗೆ ಬಿತ್ತು. ದಾಟಿ ಹೋದವರು ವಾಪಸು ಬಂದು, ಹುಬ್ಬೇರಿಸಿ, "ಯಾವೂರವ್ವ ನೀನು?" ಎಂದರು. ನಮ್ಮ ಮಾತು! ಅವರು ಕಂಬಂ ಕಡೆಯವರಂತೆ. ಅವರ ಮನೆಯಲ್ಲೂ ಇದೇ ಕನ್ನಡವಂತೆ. ನಾನು ಉಬ್ಬಿಹೋದೆ.

ಅವ್ವನಿಗೆ ಹೇಳಿದ್ದೇ ತಡ, ಮುಂದಿನ ಭಾನುವಾರ ನಮ್ಮ ಕಡೆಯ ಕಪ್ಪು ಪನ್ನೀರ್ ದ್ರಾಕ್ಷಿಯ ಬುಟ್ಟಿ ಹೊತ್ತು ಚೀಫ್ ಕ್ವಾರ್ಟರ್ಸಿಗೇ ಬಂದುಬಿಟ್ಟಳು. ನಮ್ಮವರಲ್ಲಿ ಇಬ್ಬರು ಭೇಟಿಯಾದರೆ, ಸಂಬಂಧ ಏನೆಂದು ಗೊತ್ತಾಗುವ ತನಕ ಬೇರೆ ಮಾತು ಏಳುವುದಿಲ್ಲ. ಯಾರ ಮನೆಯ ಹೆಣ್ಣು ಯಾರ ಮನೆಗೆ ಹೋದಳು ಎಂದು ಹಿಂದೆ ಹಿಂದೆ ಹೋಗಿ, ಕೊನೆಗೆ ಅವ್ವ ತೀರ್ಪು ಕೊಟ್ಟಳು: "ಅಂಗಾದ್ರೆ ನನ್ ಮಗಳ್ಗೆ ನೀವು ಅತ್ತೆ ಆಯ್ತೀರಿ."

"ಆಗ್ಲಿ," ಎಂದರು ಚೀಫ್, ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾ. "ಅತ್ತೆ ಮನೇಲಿ. ಆಸ್ಪತ್ರೇಲಿ ಬ್ಯಾಡ."

ಅವ್ವ ದಾರಿಯುದ್ದಕ್ಕೂ ನಕ್ಕಳು. "ಇನ್ನೇನು ಕಣ್ಣೂ, ಅತ್ತೆ ಆದ್ಮ್ಯಾಲೆ ನೀನು ಮೂಳೆ ಡಾಕ್ಟ್ರೇ. ಮುಗೀತು." ನಾನೂ ಹಾಗೇ ನಂಬಿದೆ. ಅತ್ತೆ ಎಂದ ಮೇಲೆ ಹಕ್ಕು ಬಂತು ಎಂದುಕೊಳ್ಳುವುದು ನಮ್ಮವರಿಗೆ ಮಾತ್ರ ಸಾಧ್ಯ. ಮಾರನೆಯ ದಿನದಿಂದ ಚೀಫ್ ನನ್ನೊಡನೆ ತಮಿಳಿನಲ್ಲೇ ಮಾತಾಡಿದರು.

ಚೀಫ್ ಕಸಾಯಿ ಅಂಗಡಿಯಿಂದ ಆಡಿನ ತೊಡೆಮೂಳೆ ತರಿಸಿ, ನಮ್ಮಿಬ್ಬರಿಗೂ ಡ್ರಿಲ್ ಹಿಡಿಯುವುದನ್ನು ಕಲಿಸುತ್ತಿದ್ದರು. ಜೊತೆಗಾತಿ ಡ್ರಿಲ್ ಒತ್ತಿದರೆ ಅವಳ ಬೆನ್ನ ಹಿಂದೆ ನಿಂತು ಬೈಯುತ್ತಿದ್ದರು. "ಆ ಕಡೆ ಏನಿದೆ ಗೊತ್ತಾ? ರಕ್ತನಾಳ! ಮೂಳೆ ದಾಟಿದ್ದು ನಿನ್ನ ಕೈಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ. ಕೈನ ಎಲ್ಲಿಟ್ಟು ಬಂದೆ, ಬೆಟ್ಟದ ಮೇಲಾ?" ಅವಳೂ ಬಿಡುತ್ತಿರಲಿಲ್ಲ. "ನೀವು ಕಿವಿ ಹತ್ರ ಕಿರುಚಿದ್ರೆ ಕೈಗೆ ಎಲ್ಲಿ ಕೇಳಿಸುತ್ತೆ, ಚೀಫ್?" ಇಬ್ಬರೂ ನಗುತ್ತಿದ್ದರು. ಆಮೇಲೆ ನನ್ನ ಸರದಿ. ನಾನು ತೂತು ಕೊರೆದು ತೋರಿಸುತ್ತಿದ್ದೆ. ಚೀಫ್ ಬಗ್ಗಿ ನೋಡಿ, "ಸರಿ," ಎನ್ನುತ್ತಿದ್ದರು.

ಅಷ್ಟೇ. ಸರಿ.

ಹೊಗಳಿಕೆ ನೋಡಿ ಹೊಟ್ಟೆ ಉರಿಸಿಕೊಳ್ಳುವವರನ್ನು ಎಲ್ಲರೂ ಕಂಡಿರುತ್ತಾರೆ. ನಾನು ಬೈಗುಳಕ್ಕೆ ಉರಿದವಳು. ಒಮ್ಮೆ ಬೇಕೆಂದೇ ಡ್ರಿಲ್ಲನ್ನು ಓರೆ ಹಿಡಿದೆ, ಬೈಯಲಿ ಎಂದು. ಚೀಫ್ ಮಾತಾಡದೆ ನನ್ನ ಮಣಿಕಟ್ಟು ನೇರ ಮಾಡಿ, ಅವಳ ಕಡೆ ತಿರುಗಿಕೊಂಡರು.

ಪಿಜಿ ಪರೀಕ್ಷೆಯ ಫಲಿತಾಂಶ ಬಂತು. ಜೊತೆಗಾತಿಯ ರ್‍ಯಾಂಕಿಗೆ ಮೂಳೆ ವಿಭಾಗವೂ ಸಿಗುತ್ತಿತ್ತು, ಬೇರೆ ನಾಲ್ಕಾರು ವಿಭಾಗಗಳೂ ಸಿಗುತ್ತಿದ್ದವು. ಮನೆಯವರಿಗೆ ಮಗಳು ಹೆರಿಗೆ ಡಾಕ್ಟರಾಗಲಿ ಎಂದಿತ್ತು. ಆಯ್ಕೆ ಮಾಡುವ ದಿನಗಳು ಹತ್ತಿರವಾದಾಗ ಚೀಫ್ ನನ್ನನ್ನು ಕರೆದು, "ನಾಳೆ ಬೆಟ್ಟಕ್ಕೆ ಹೋಗ್ಬೇಕು. ಸೀರೆ ಉಟ್ಕೊಂಡು ಬಾ," ಎಂದರು. ಬತ್ತಲಗುಂಡಿನಲ್ಲಿ ಕಾರು ನಿಲ್ಲಿಸಿ ಎಲೆ, ಅಡಿಕೆ, ಬಾಳೆಹಣ್ಣು, ಅರಿಶಿನದ ಕೊಂಬು ಕೊಂಡರು. ಮನೆಯಿಂದ ತಂದ ಹಿತ್ತಾಳೆ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿ ನನ್ನ ಮಡಿಲಿಗಿಟ್ಟರು. ನಮ್ಮವರಲ್ಲಿ ಮದುವೆಗೆ ಕರೆಯುವುದು ಹೀಗೆ. ದೊಡ್ಡವರು ಮುಂದೆ, ಮನೆಯ ಹೆಣ್ಣುಮಗಳು ತಟ್ಟೆ ಹಿಡಿದು ಹಿಂದೆ. ಆ ಘಾಟಿಯ ಪ್ರತಿ ತಿರುವಿನಲ್ಲೂ ಎಲೆಯ ವಾಸನೆ ನನ್ನ ಮುಖಕ್ಕೆ ರಾಚುತ್ತಿತ್ತು. ನನ್ನದಲ್ಲದ ಕರೆಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದೆ.

ಕಾರು ಹೋಗುವಷ್ಟು ದೂರ ಹೋಗಿ, ಆಮೇಲೆ ಕಾಫಿ ತೋಟದ ನಡುವೆ ನಡೆದೆವು. ಜೊತೆಗಾತಿಯ ತಾಯಿ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದರು. ತಟ್ಟೆ ನೋಡಿದರು, ನನ್ನ ಸೀರೆ ನೋಡಿದರು, ಚೀಫನ್ನು ನೋಡಿದರು. ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಹುಡುಗ ಯಾರು?"

ಹೆಣ್ಣು ಕೇಳಲು ಬಂದಿದ್ದಾರೆ ಎಂದುಕೊಂಡಿದ್ದರು! ಜೊತೆಗಾತಿ ಬಾಗಿಲಿಗೊರಗಿ ಹೊಟ್ಟೆ ಹಿಡಿದು ನಕ್ಕಳು. ಚೀಫ್ ನಗಲಿಲ್ಲ. "ಹುಡುಗ ಇಲ್ಲಮ್ಮ. ಮೂಳೆ. ನಿಮ್ಮ ಮಗಳನ್ನ ನಮ್ಮ ಮೂಳೆ ವಿಭಾಗಕ್ಕೆ ಕಳಿಸಿ ಅಂತ ಕೇಳೋಕೆ ಬಂದಿದ್ದೀನಿ. ನಮ್ಮಲ್ಲಿ ಮರ್ಯಾದೆಯಿಂದ ಕರೆಯೋದು ಅಂದ್ರೆ ಹೀಗೇ."

ತಾಯಿ ತಟ್ಟೆಯನ್ನು ಕೂಡಲೇ ಮುಟ್ಟಲಿಲ್ಲ. "ಮದುವೆ ಮಾಡಿ ಕೊಟ್ರೆ ಹಬ್ಬಕ್ಕಾದ್ರೂ ಮಗಳು ಬರ್ತಾಳೆ. ನಿಮ್ಮ ಮೂಳೆ ಕಳಿಸುತ್ತಾ?"

"ಕಳಿಸ್ತೀನಿ. ಸರಿಯಾಗಿ ನೋಡ್ಕೊತೀನಿ," ಎಂದರು ಚೀಫ್. ಆಮೇಲೆ ತಾಯಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು.

ನನ್ನ ರ್‍ಯಾಂಕು ಇನ್ನೂ ಚೆನ್ನಾಗಿತ್ತು. ಬೆಟ್ಟ ಇಳಿದ ಮಾರನೆಯ ದಿನ ಚೀಫ್ ಕೋಣೆಗೆ ಹೋದೆ. ಸುಮ್ಮನೆ ಹೋಗಿರಲಿಲ್ಲ, ತಯಾರಾಗಿ ಹೋಗಿದ್ದೆ. "ರೇಡಿಯಾಲಜಿ ತಗೋಬೇಕು ಅಂತಿದ್ದೀನಿ, ಚೀಫ್," ಎನ್ನುವುದು. ಅವರು ಬೇಡ ಎನ್ನುವುದು. ನಾನು ನಾಲ್ಕು ಕಾರಣ ಹೇಳುವುದು. ಅವರು ಒಂದೊಂದನ್ನೂ ಮುರಿಯುವುದು. ಕೊನೆಗೆ ನಾನು ಸೋಲುವುದು. ಸೋಲುವುದಕ್ಕೆ ಅಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಚೀಫ್ ಎಕ್ಸ್‌ರೇ ಒಂದನ್ನು ಬೆಳಕಿಗೆ ಹಿಡಿದಿದ್ದರು. "ಸರಿ," ಎಂದರು. "ಒಳ್ಳೇ ವಿಭಾಗ. ಚೆನ್ನಾಗಿರು."

ಎದುರು ಪಕ್ಷವೇ ಬಾರದೆ ಗೆದ್ದ ಚರ್ಚೆ ಅದು. ಈಗ ಎಲ್ಲರೂ ಹೇಳುತ್ತಾರೆ, ಜಾಣೆ, ರ್‍ಯಾಂಕು ಬಂತು, ಆರಾಮದ ವಿಭಾಗ ಹಿಡಿದಳು ಎಂದು. ಅದೂ ನಾನು ಒಪ್ಪದ ಕಥೆಯೇ. ಆದರೆ ಅದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ.

ಜೊತೆಗಾತಿ ಮೂಳೆ ವಿಭಾಗ ಸೇರಿದಳು, ನಾನು ಅದೇ ಕಾಲೇಜಿನಲ್ಲಿ ಕೆಳ ಅಂತಸ್ತಿನ ಕತ್ತಲೆ ಕೋಣೆ ಸೇರಿದೆ. ಕಾಲೇಜಿನ ಯಾವ ಸಮಾರಂಭವಾದರೂ ಅವಳನ್ನು ವೇದಿಕೆ ಹತ್ತಿಸುತ್ತಿದ್ದರು. ಬಂದ ಅತಿಥಿಗಳಿಗೆ, "ಇವಳೇ ನಮ್ಮ ಬೆಟ್ಟದ ಹುಡುಗಿ," ಎಂದು ಚೀಫ್ ಬೆನ್ನು ತಟ್ಟಿ ತೋರಿಸುತ್ತಿದ್ದರು. ಫೋಟೋಗಳಲ್ಲೆಲ್ಲ ಅವಳೇ. ನಾನು ಮಾನಿಟರಿನ ಮುಂದೆ ಕೂತು, ಮೈಕಿನ ಮುಂದೆ ನಿಲ್ಲಬೇಕಾದವಳು ನಾನಲ್ಲವೇ ಎಂದು ಉರಿಯುತ್ತಿದ್ದೆ.

ಒಂದು ದಿನ ಅವಳು ರಜೆಗೆಂದು ಊರಿಗೆ ಹೋದವಳು ಬರಲಿಲ್ಲ. ರಜೆ ಮುಗಿದರೂ ಬರಲಿಲ್ಲ. ಚೀಫ್ ಫೋನು ಮಾಡಿದರು, ಎಷ್ಟೋ ಕಾಲದ ಮೇಲೆ ನಮ್ಮ ಮಾತಿನಲ್ಲಿ: "ನೀನೂ ಬತ್ತೀಯ?"

ಬತ್ತಲಗುಂಡಿನಲ್ಲಿ ಕಾರು ನಿಲ್ಲಲಿಲ್ಲ. ಎಲೆಯ ಮಂಡಿ ಹಿಂದೆ ಸರಿದುಹೋಯಿತು. "ತಾಂಬೂಲ ಬೇಡ್ವಾ?" ಎಂದೆ.

"ಕರೆದಾಗಿದೆ. ಕರೆದು ಕೂರ್ಸಿ ಊಟ ಆಕ್ಲಿಲ್ಲ ನಾನು. ಈಗ ಎಲೆ ಇಡ್ಕಂಡು ಓಗ್ ನಿಂತ್ರೆ ಆ ತಾಯಿ ಮುಖ ಎಂಗ್ ನೋಡ್ಲಿ?" ಎಂದರು.

ಜೊತೆಗಾತಿ ಅಂಗಳದಲ್ಲಿ ತಮ್ಮನ ಮಗುವಿಗೆ ತಲೆ ಬಾಚುತ್ತಿದ್ದಳು. ನನ್ನನ್ನು ನೋಡಿ, "ಬಾರೇ, ನೀನು ಡಿಬೇಟ್ ಮಾಡೋಕೆ ಬಂದ್ಯಾ? ತಟ್ಟೆ ಎಲ್ಲಿ?" ಎಂದು ಕೆಣಕಿದಳು. ಚೀಫ್ ಕಡೆ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ. ತಾಯಿ ಕಪ್ಪು ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು.

"ಕಷ್ಟಕ್ಕೆ ಬಂದ್ಬಿಟ್ಟೆ ಅಂದ್ಕೊಂಡ್ರಾ, ಚೀಫ್?" ಎಂದಳು. "ನಾನು ಹುಟ್ಟಿದಾಗಿಂದ ಈ ಬೆಟ್ಟ ಹತ್ತಿ ಇಳಿದವಳು. ಆಪರೇಷನ್ನಿಗೆ ನಿಂತ್ರೆ ನನ್ನ ಕೈಗೆ ಪೇಷಂಟ್ ಕಾಲು ಕೊಡ್ತಾರೆ, ಹಿಡ್ಕೊ ಅಂತ. ಜೊತೆಗೆ ಸೇರಿದ ಹುಡುಗರ ಕೈಗೆ ಡ್ರಿಲ್. ಬೆಟ್ಟದವರು ಯಾರಾದ್ರೂ ಆಸ್ಪತ್ರೆಗೆ ಬಂದ್ರೆ, 'ನಿಮ್ಮೋರು ಬಂದಿದ್ದಾರೆ, ಹೋಗಿ ಮಾತಾಡು' ಅಂತ ಥಿಯೇಟರಿಂದ ಹೊರಗೆ ಕಳಿಸ್ತಾರೆ. ಬಟ್ಟೆ ಬದಲಿಸೋ ಕೋಣೇಲಿ ಆಪರೇಷನ್ ಮಾತೆಲ್ಲ ಮುಗಿದಿರುತ್ತೆ, ನಾನು ನರ್ಸ್ ಕೋಣೇಲಿ. ನೀವು ಮಾತ್ರ ವೇದಿಕೆ ಮೇಲೆ ನನ್ನ ತೋರಿಸ್ತೀರಿ. ಎಲ್ಲರಿಗೂ ತೋರಿಸೋಕೆ ನಾನು ಬೇಕು. ಕೆಲಸಕ್ಕೆ ಯಾರಿಗೆ ಬೇಕು?"

ನನ್ನ ಬಾಯಿಗೆ ಉತ್ತರಗಳು ಬಂದವು; ಯಾವ ಪಕ್ಷಕ್ಕಾದರೂ ಉತ್ತರ ಹುಡುಕುವುದು ನನ್ನ ಚಟ. ಚೀಫ್ ಕಣ್ಣಲ್ಲೇ ನನ್ನನ್ನು ತಡೆದರು. ಅವರು ಸಮಾಧಾನ ಹೇಳಲಿಲ್ಲ, ನಿನ್ನ ಸಮುದಾಯ, ನಿನ್ನ ಊರು ಎಂದು ಭಾಷಣ ಮಾಡಲಿಲ್ಲ, ಅಳಲೂ ಇಲ್ಲ. ಕಾಫಿ ಲೋಟ ಕೆಳಗಿಟ್ಟು, "ಸೋಮವಾರ ಬರ್ತೀಯಾ?" ಎಂದಷ್ಟೇ ಕೇಳಿದರು.

"ನೀವು ಮೊದ್ಲು ಇದನ್ನೆಲ್ಲ ಸರಿ ಮಾಡಿ ಚೀಫ್. ಆಮೇಲೆ ನೋಡ್ತೀನಿ."

ಚೀಫ್ ಎದ್ದು ಸೆರಗು ಸರಿಮಾಡಿಕೊಂಡರು. ತಾಯಿ, "ಊಟ ಮಾಡ್ಕೊಂಡು ಹೋಗಿ," ಎಂದರು. "ಅವಳು ಬಂದ ದಿನ ಮಾಡ್ತೀನಿ," ಎಂದರು ಚೀಫ್. ಖಾಲಿ ಕೈಯಲ್ಲಿ ಬೆಟ್ಟ ಇಳಿದೆವು. ಸಭೆಯಲ್ಲಿ ಮೂಗೊರೆಸಿಕೊಂಡವರಿಗೆ ಇದನ್ನು ಹೇಳಬೇಕಿತ್ತು: ಆ ದಿನ ಕಾರಿನ ಹಿಂದಿನ ಸೀಟು ಖಾಲಿಯಿತ್ತು.

ಮುಂದೆ ನಡೆದದ್ದು ಯಾರ ಕಣ್ಣೂ ಒದ್ದೆ ಮಾಡುವಂಥದ್ದಲ್ಲ. ಒಂದು ಬೆಳಿಗ್ಗೆ ಥಿಯೇಟರಿನ ಕಾರಿಡಾರಿನ ಬೆಂಚಿನ ಮೇಲೆ ಗಂಡು ಡಾಕ್ಟರರ ಪ್ಯಾಂಟು ಶರ್ಟುಗಳೆಲ್ಲ ರಾಶಿ ಬಿದ್ದಿದ್ದವು. 'ಡಾಕ್ಟರ್‌ಗಳು' ಎಂಬ ಕೋಣೆಯ ನಡುವೆ ಬಡಗಿ ಅಡ್ಡಗೋಡೆಯಾಗಿ ಹಲಗೆ ಹೊಡೆಯುತ್ತಿದ್ದ, ಅರ್ಧ ಹೆಣ್ಣು ಡಾಕ್ಟರರಿಗೆಂದು. ಅದೇ ವಾರ ಚೀಫ್ ಆಪರೇಷನ್ನಿನ ಸರದಿ ಬದಲಿಸಿದರು. ಡ್ರಿಲ್ ಹಿಡಿಯುವುದು, ಕಾಲು ಹಿಡಿಯುವುದು, ಎಲ್ಲಕ್ಕೂ ಸರದಿ; ಯಾರ ಸರದಿಯನ್ನೂ ಯಾರೂ ಮುರಿಯುವಂತಿಲ್ಲ. ಅಸಿಸ್ಟೆಂಟರು ಸಿಡುಕಿದರು. ಜೊತೆ ಹುಡುಗರು ಗೊಣಗಿದರು. ಹಲಗೆ ಮಾತ್ರ ನಿಂತಿತು. ಸುದ್ದಿ ಬೆಟ್ಟ ಹತ್ತಿತು. ಜೊತೆಗಾತಿ ತಾನಾಗಿ ಬಸ್ಸು ಹತ್ತಿ ಬಂದಳು. ಉಳಿಸಿಕೊಂಡದ್ದು ಆ ಹಲಗೆ, ಆ ಸರದಿ. ಅದನ್ನು ಕೇಳಿ ಪಡೆದವಳು ಅವಳು. ಆ ಮೇಲೆ ಅವಳನ್ನು ನಾನು ಯಾವ ವೇದಿಕೆಯ ಮೇಲೂ ನೋಡಲಿಲ್ಲ. ಅದಕ್ಕೂ ಉರಿದೆ, ಏಕೆಂದರೆ ಷರತ್ತು ಹಾಕಿದವಳನ್ನು ಚೀಫ್ ಮೊದಲಿಗಿಂತ ಹೆಚ್ಚು ಮೆಚ್ಚಿದ್ದು ನನಗೆ ಕಾಣುತ್ತಿತ್ತು. ನನಗೆ ಬಾರದೇ ಇದ್ದ ವಾದ ಅದೊಂದೇ: ನನಗೆ ಇದು ಬೇಕು, ಕೊಡಿ.

ಇದನ್ನೆಲ್ಲ ಅವ್ವನ ಮುಂದೆ ಒಮ್ಮೆ ಕಾರಿಕೊಂಡೆ. ಬಳ್ಳಿ ಕತ್ತರಿಸುವ ಕಾಲ. ಅವ್ವ ಚಪ್ಪರದ ಕೆಳಗೆ ಬಿದ್ದ ಕಡ್ಡಿಗಳನ್ನು ಆಯುತ್ತಿದ್ದಳು. "ಅವಳ ಮನೆಗೆ ತಾಂಬೂಲ. ನಮ್ಮ ಮನೆಗೆ ಯಾಕೆ ಬರಲಿಲ್ಲ? ಬೇಡ ಅಂತ ಒಂದು ಮಾತಾದರೂ ಯಾಕೆ ಹೇಳಲಿಲ್ಲ?"

ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಯ್ಯೋ ಪೈತ್ಯ, ಹುಚ್ಚಿ! ಮನೆ ಮಕ್ಳ ಯಾರಾದ್ರೂ ಎಲೆ ಇಟ್ಟು ಕರೀತಾರಾ? ತಟ್ಟೆ ಇಡ್ಕೊ ಅಂತ ಕೈಗೆ ಕೊಟ್ರಲ್ಲ, ಅದೇನು ಮತ್ತೆ?"

ನಿಜ, ನಮ್ಮಲ್ಲಿ ಹೊರಗಿನವರನ್ನು ಕರೆಯುತ್ತೇವೆ. ಮನೆಯವರನ್ನು ಕರೆಯುವುದಿಲ್ಲ, ಅವರು ಇದ್ದೇ ಇರುತ್ತಾರೆ. ಅವ್ವನ ವಾದಕ್ಕೆ ಬಲವಿದೆ. ಆದರೆ ಬೇರೆ ವಾದಗಳೂ ಇವೆ. ತಮ್ಮ ಮಾತಿನವಳನ್ನೇ ತಂದುಕೊಂಡರು ಎಂದು ಜನ ಆಡಿಕೊಂಡಾರೆಂದು ಹೆದರಿದ್ದಿರಬಹುದು. ನನ್ನ ಕೈ ಮೂಳೆಗೆ ಸಲ್ಲದ ಕೈ ಎಂದು ಮೊದಲೇ ಕಂಡಿದ್ದಿರಬಹುದು. 'ಸರಿ' ಎಂಬುದು ಕೈಬಿಟ್ಟವರಿಗೆ ಹೇಳುವ ಮಾತಾಗಿರಬಹುದು. ಇಲ್ಲವೇ ನನ್ನ ಬಗ್ಗೆ ಯೋಚಿಸಿಯೇ ಇರಲಿಲ್ಲವೇನೋ... ಈ ನಾಲ್ಕನ್ನೂ ಎಷ್ಟೋ ಸಲ ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ತೀರ್ಪು ಹೇಳಬೇಕಾದವರು ನಿವೃತ್ತರಾಗಿ ಕಂಬಂಗೆ ಹೋದರು. ಹೋಗಿ ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಕರೆದರೆ ಹೋಗೋಣ ಎಂಬ ಬಿಗುಮಾನ...

ಹೋದೆ, ಕೊನೆಗೆ, ಯಾರೂ ಕರೆಯದೆ. ಸಾವಿನ ಮನೆಗೆ ಯಾರೂ ಕರೆಯುವುದಿಲ್ಲ. ಕಿವಿಗೆ ಬಿದ್ದ ಕೂಡಲೇ ಹೊರಡಬೇಕು. ಜೊತೆಗಾತಿ ಆಗಲೇ ಬಂದಿದ್ದಳು, ತಲೆಯ ಪಕ್ಕದಲ್ಲಿ ಕೂತಿದ್ದಳು, ಚೀಫ್ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಕೊಟ್ಟಳು. ಅಷ್ಟು ಹೊತ್ತಿನಲ್ಲೂ ನನಗೆ ಅನಿಸಿದ್ದು, ಜಾಗ ಕೊಡುವ ಹಕ್ಕು ಇವಳಿಗೆ ಹೇಗೆ ಬಂತು ಎಂದು. ಚೀಫ್ ಸಂಬಂಧದ ಮುದುಕಿಯೊಬ್ಬರು ನನ್ನ ಗದ್ದ ಹಿಡಿದೆತ್ತಿ, ನಮ್ಮ ಮಾತಿನಲ್ಲಿ ಕೇಳಿದರು: "ನೀ ಯಾರವ್ವ? ನಿಂಗೆ ಏನಾಗ್ಬೇಕು ಇವ್ಳು?"

ಸಾವಿನ ಮನೆಯಲ್ಲೂ ನಮಗೆ ಅದು ತೀರ್ಮಾನವಾಗಲೇಬೇಕು. "ಅತ್ತೆ," ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.

ಮೊನ್ನೆ ಆ ಲಾರಿ ಡ್ರೈವರನ ತೊಡೆಮೂಳೆ ನೋಡಿ ಮುಗಿಸುವ ಮೊದಲೇ ಜೊತೆಗಾತಿಯ ಫೋನು ಬಂತು. "ನೋಡ್ದೇನೇ? ರಾಡು ಹೇಗೆ ಕೂತಿದೆ? ಬೈಯೋ ಹಾಗಿದ್ರೆ ಬೈದ್ಬಿಡು. ಬೈಯೋರು ಯಾರೂ ಇಲ್ಲ ಈಗ," ಎಂದಳು. ತಪ್ಪು ಹುಡುಕಿದೆ, ಸಿಗಲಿಲ್ಲ. "ಸರಿಯಾಗಿದೆ," ಎಂದೆ. ಹಿಂದಿನ ಮಂಡಿಯಲ್ಲಿ ಹೊಸ ಕಟ್ಟು ಬಿಚ್ಚಿರಬೇಕು, ಎಲೆಯ ವಾಸನೆ ಇನ್ನಷ್ಟು ಹತ್ತಿರ ಬಂತು. ಹಿತ್ತಾಳೆ ತಟ್ಟೆಯ ತಣ್ಣನೆಯ ಅಂಚು ಇಂದಿಗೂ ನನ್ನ ಬೆರಳುಗಳಿಗೆ ನೆನಪಿದೆ.

ಅತ್ತೆ, ಅವತ್ತು ನಿಮ್ಮ ಕೋಣೆಗೆ ಬಂದು ನಿಂತಿದ್ದೆನಲ್ಲ, ನನ್ನನ್ನ ಯಾಕೆ 'ಇರು' ಅನ್ಲಿಲ್ಲ?